ಬಾಜೂ

ಬ್ಯಾಡಗಿ ಪ್ಯಾಟಿಯ ಕೆಂಪು ಧೂಳಿನಲ್ಲಿ
ಚೀಲದ ಬಾಯಿ ಬಿಚ್ಚಿ, ಒಂದೇ ಕಾಯಿ ಮುರಿದು
ಫಕ್ಕೀರವ್ವ ಮೊದಲು ಕೇಳುವುದು:
"ಬೀಜ ಹಿಡಿದ ಹೊಲದ ಬಾಜೂಕ ಏನಿತ್ತು? ಗುಂಟೂರೇನು?"
ಖಾರದ ಅಂದಾಜು ಆಮೇಲೆ.

ನನ್ನ ಯಂತ್ರವೂ ಅದನ್ನೇ ಕೇಳುತ್ತದೆ.
ಧಾರವಾಡದ ಲ್ಯಾಬಿನಲ್ಲಿ ಎರಡು ವರ್ಷ
ಲಕ್ಷ ಅಣುಗಳ ಲೆಕ್ಕ ಉಣಿಸಿ ಕಲಿಸಿದ್ದೇನೆ:
ಇಂಗಾಲಕ್ಕೆ ತನ್ನದೇ ಅಂತ ಗುಣವಿಲ್ಲ,
ಸುತ್ತ ಯಾರು, ಎಷ್ಟು ದೂರ, ಯಾವ ಕೋನ,
ಅಷ್ಟು ನೋಡಿ ಹೇಳು ಇದರ ಮೈಮೇಲಿನ ಆವೇಶ ಎಷ್ಟು.
(ಪಠ್ಯದ ಆವೇಶ. ದೇವರು ಬಂದದ್ದಲ್ಲ.)

ನಿನ್ನೆ ರಾತ್ರಿ ಮೆಣಸಿನ ಖಾರದ ಅಣುವನ್ನೇ ಕೊಟ್ಟೆ.
ನಲವತ್ತೊಂಬತ್ತು ಪರಮಾಣು.
ಪೂರ್ತಿ ಗಣಿತಕ್ಕೆ ಬೆಳಗಾಗುತ್ತದೆ;
ಇದು ಚಹಾದ ಕಪ್ಪು ಕೆಳಗಿಡುವಷ್ಟರಲ್ಲಿ ಹೇಳಿಬಿಟ್ಟಿತು.
ಬೆಳಿಗ್ಗೆ ತಾಳೆ ನೋಡಿದೆ.
ನಲವತ್ತೆಂಟು ಸರಿ.

ತಪ್ಪಿದ್ದು ಒಂದು ಜಲಜನಕ,
ಕಟ್ಟಿಕೊಂಡ ಆಮ್ಲಜನಕದ ಜೊತೆಗಿದ್ದೂ
ಬಾಜೂ ಮನೆಯ ಆಮ್ಲಜನಕದ ಕಡೆ
ತುಸು ವಾಲಿ ನಿಂತದ್ದು.

ಹೇಳಿದೆ. ಫಕ್ಕೀರವ್ವ ಸೀನಿ, ಮೂಗೊರೆಸಿ,
"ಓಣ್ಯಾಗ ಎಲ್ಲಾನೂ ಹೇಳಬಹುದವಾ,
ಯಾರು ಯಾರ ಕಡೆ ವಾಲ್ಯಾರ, ಅದೊಂದ ಬಿಟ್ಟು" ಅಂದು
ಮುಂದಿನ ಚೀಲಕ್ಕೆ ಕೈ ಹಾಕಿದಳು.