ಹನ್ನೊಂದು ಅಂಕಿ

ಶಿವರಾಂಪೇಟೆಯ ಮಹಡಿ ಮೆಟ್ಟಿಲು ಹತ್ತಿ
ಧರಣೇಂದ್ರಯ್ಯ ಮೇಷ್ಟ್ರು ತಂದರು ಮುನ್ನೂರು ಹಾಳೆ ಶಾಸನ,
ಎಲ್ಲ ಇಂಗ್ಲಿಷಿನಲ್ಲಿ: ಎಲ್ಲಿನ ಕೆಳಗೊಂದು ಚುಕ್ಕಿ, ಎ ನೆತ್ತಿಗೊಂದು ಗೆರೆ.
"ಅವನ್ನ ನಾನೇ ಪೆನ್ನಲ್ಲಿ ಇಟ್ಕೋತೀನಿ.
ಇದೊಂದು ಮಾತ್ರ ತನ್ನ ಮುಖದಲ್ಲೇ ಬರಬೇಕಮ್ಮ" ಎಂದು
ಬಸ್ ಟಿಕೆಟ್ಟಿನ ಬೆನ್ನ ಮೇಲೆ ಬರೆದರು: ೞ.

ಅದನ್ನು ನಾನು ನೋಡಿದ್ದೇ ಅವತ್ತು.

ಪ್ರಿಂಟರಿಗೆ ಒಂಬತ್ತು ಸೂಜಿ.
ಒಂದು ಅಕ್ಷರಕ್ಕೆ ಹನ್ನೊಂದು ಕಂಬ, ಎಂಟು ಅಂತಸ್ತು.
ಒಂದೇ ಸಾಲಲ್ಲಿ ಅಕ್ಕಪಕ್ಕ ಎರಡು ಚುಕ್ಕಿ ಕೂರುವಂತಿಲ್ಲ,
ಹೊಡೆದ ಸೂಜಿ ಹಿಂದೆ ಸರಿಯಲು ಹೊತ್ತು ಬೇಕು.
ರಂಗೋಲಿ ಇದ್ದಹಾಗೆ ಬಿಡೇ ಎಂದಳು ಪಕ್ಕದ ಮೇಜಿನ ರೆಜಿನಾ.
ಅಲ್ಲ. ರಂಗೋಲಿಯಲ್ಲಿ ಕೈ ತಪ್ಪಿದರೆ ಒಂದು ಬಳ್ಳಿ ಎಳೆದು ಮುಚ್ಚಬಹುದು.
ಮಗನ ಗ್ರಾಫ್ ಪುಸ್ತಕದಲ್ಲಿ ಮೂರು ಸಂಜೆ ಹೋಯಿತು.
ಮೊದಲನೆಯದು ಜಜ್ಜಿದ ಸೈಕಲ್ ಬೆಲ್ಲು.
ಮೂರನೆಯದನ್ನು ನೋಡಿ ಮೇಷ್ಟ್ರು "ಹೊಟ್ಟೆ ಸ್ವಲ್ಪ ಒಳಗೆ" ಎಂದರು.

ನಮ್ಮ ಅಂಗಡಿಯಲ್ಲಿ ಯಾರೂ ಒತ್ತದ ಡಾಲರನ್ನು ಎಬ್ಬಿಸಿ
ಆ ಜಾಗದಲ್ಲಿ ಇದನ್ನು ಕೂರಿಸಿದೆ.

ಕರೆಂಟು ಹೋದರೆ ಮಾತ್ರ ಪ್ರಿಂಟರಿಗೆ ಎಲ್ಲ ಮರೆವು.
ಬಂದಾಗ ಗಂಗರ ಕಾಲದ ಊರೊಂದರ ಹೆಸರಿನ ನಡುವೆ
ಡಾಲರ್ ನಿಂತಿರುತ್ತಿತ್ತು.
ಮತ್ತೆ ಹೇಳಿಕೊಡು: ಇಪ್ಪತ್ತೆಂಟು, ಮೂವತ್ನಾಲ್ಕು, ಅರವತ್ತೈದು...
ಏಳೆಂಟು ನೂರು ವರ್ಷದ ಹಿಂದೆ ಒಂದೇ ಸಲ ಸತ್ತದ್ದು
ನಮ್ಮಲ್ಲಿ ದಿನಕ್ಕೆರಡು ಸಲ.

ಇನ್ನೂರ ಹನ್ನೊಂದನೇ ಪುಟದಲ್ಲಿ ಸೂಜಿ ಮುರಿಯಿತು.
ಎಣಿಸಿದೆ, ಏಳನೆಯದು.
ಎಲ್ಲ ಅಕ್ಷರದ ಪಾದ ಮಾಯ.
"ಏಳು ಅನ್ನೋದನ್ನೂ ಆಗ ಇದರಲ್ಲೇ ಬರೀತಿದ್ರು" ಎಂದು
ಮೇಷ್ಟ್ರು ನಗಲು ನೋಡಿದರು: ಏೞು.
ಹೊಸ ಹೆಡ್ಡಿಗೆ ಸಾವಿರದಿನ್ನೂರು.
ಅವರಲ್ಲಿರಲಿಲ್ಲ, ನನ್ನಲ್ಲೂ.

ಉಳಿದ ಪುಟಗಳು ಪಾದವಿಲ್ಲದೆ ನಡೆದವು.
ಬೆಂಚಿನ ಮೇಲೆ ಕೂತು, ಕಪ್ಪು ಶಾಯಿಯಲ್ಲಿ,
ಆ ಒಂದು ಅಕ್ಷರಕ್ಕೆ ಮಾತ್ರ ಮೇಷ್ಟ್ರು ಪಾದ ಇಡುತ್ತಾ ಹೋದರು,
ಚುಕ್ಕಿ, ಬಿಟ್ಟು, ಚುಕ್ಕಿ,
ಪಕ್ಕಪಕ್ಕ ಎರಡು ಕೂರಬಾರದೆನ್ನುವ ನಿಯಮ
ಪೆನ್ನಿಗೂ ಇದೆ ಎನ್ನುವ ಹಾಗೆ.

ಈಗ ಗ್ಯಾಸಿನ ನಂಬರು ಚೀಟಿ ನೋಡಿ ಹೇಳುತ್ತೇನೆ.
ಆದರೆ ಒಗ್ಗರಣೆಗೆ ಸಾಸಿವೆ ಸಿಡಿಯುವಾಗ ಬಾಯಿ ತಾನೇ ಶುರುಮಾಡುತ್ತದೆ:
ಇಪ್ಪತ್ತೆಂಟು, ಮೂವತ್ನಾಲ್ಕು, ಅರವತ್ತೈದು...
ಹತ್ತರ ತನಕ ತಡೆಯಿಲ್ಲ.
ಹನ್ನೊಂದನೆಯದು ಸೊನ್ನೆಯೇ ಇರಬೇಕು,
ಮುಂದಿನ ಅಕ್ಷರಕ್ಕೆ ತಾಗದಿರಲೆಂದು ಬಿಟ್ಟ ಜಾಗ.