ಹಲಸಿನ ಬೀಜದ ತೂತು

ಬ್ಲಾಕು ಒಂದು ಕಂಪೆನಿ, ಹೆಡ್ಡು ಇನ್ನೊಂದು.
ಬಂದರಿನ ಗುಜರಿಯಲ್ಲಿ ತೂಕಕ್ಕೆ ಸಿಕ್ಕಿದ್ದು.
ಬೋಲ್ಟು ಹತ್ತಕ್ಕೆ ಹತ್ತೂ ಇಳಿದವು,
ಬೋಟಿನ ಜಗನ್ನಾಥ ಕರ್ಕೇರರು ಬೀಡಿ ಹಚ್ಚಿದರು:
"ಆಯ್ತಲ್ಲ ಪೊರ್ಬುಗಳೇ?"
ಲಿಗೋರಿ ಮಾತಾಡಲಿಲ್ಲ.

ಹಳೇ ಕ್ಯಾಲೆಂಡರಿನ ಎರಡು ತಿಂಗಳು ಹರಿದು
ಮಾರ್ಚನ್ನು ಬ್ಲಾಕಿಗೆ, ಏಪ್ರಿಲನ್ನು ಹೆಡ್ಡಿಗೆ ಹಾಸಿ
ಗ್ರೀಸಿನ ಹೆಬ್ಬೆರಳಲ್ಲಿ ಉಜ್ಜಿಸಿದರು ನನ್ನಿಂದ,
ಮೂಡಿದ ಗುರುತನ್ನೆಲ್ಲ ಬ್ಲೇಡಿನಲ್ಲಿ ಕೊರೆಸಿದರು.
ಎರಡನ್ನೂ ಜೋಡಿಸಿ ಟ್ಯೂಬ್‌ಲೈಟಿಗೆ ಹಿಡಿದರೆ
ಬೋಲ್ಟಿನ ತೂತುಗಳೆಲ್ಲ ಹುಣ್ಣಿಮೆ,
ನೀರಿನ ಕಣ್ಣುಗಳಿಗೆ ಮಾತ್ರ ಗ್ರಹಣ
ಒಂದಕ್ಕೆ ಅರ್ಧ, ಒಂದಕ್ಕೆ ಪೂರ್ತಿ.

ಇದಕ್ಕೆ ಗ್ಯಾಸ್ಕೆಟ್ಟು ಯಾವ ಅಂಗಡಿಯಲ್ಲೂ ಇಲ್ಲ.
ಎರಡು ಕಂಪೆನಿಗಳೂ
ಇನ್ನೊಂದು ಉಂಟೆಂದು ನೆನೆಸಿದ್ದೇ ಇಲ್ಲ.

ಮರುದಿನ ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿ ತಂದರು
ಬಚ್ಚಲಿನ ತಾಮ್ರದ ಹಂಡೆ, ತಳ ಸೀಳಿದ್ದು.
"ಸೆವ್ರಿನಳಿಗೆ ಹೇಳಬೇಡ."
ಕತ್ತರಿಸಿ, ತಟ್ಟಿ ಚಪ್ಪಟೆ ಮಾಡಿ
ಕೆಂಪಾಗುವವರೆಗೆ ಕಾಯಿಸಿ ಬಾಲ್ದಿಗೆ ಬಿಟ್ಟರು.
ಗಟ್ಟಿ ಆಗ್ತದೆ, ಅಂದೆ.
"ಉಕ್ಕಾದರೆ ಹೌದು ಮಾರಾಯ.
ಇದು ಸುಟ್ಟು ಮುಳುಗಿದರೆ ಮೆತ್ತಗಾಗುವ ಜಾತಿ."

ಕೆಳಗಿನ ಕಣ್ಣಿನಿಂದ ಮೇಲಿನ ಕಣ್ಣಿಗೆ
ಅರದಲ್ಲಿ ತಿಕ್ಕಿ ತಿಕ್ಕಿ ಒಂದು ಉದ್ದ ತೂತು,
ಹಲಸಿನ ಬೀಜದಷ್ಟು.
ನೀರು ಇಲ್ಲಿ ಹತ್ತಿ
ಅರ್ಧ ಇಂಚು ಅಡ್ಡ ನಡೆದು
ಅಲ್ಲಿ ಏರಬೇಕು. ಅಷ್ಟೇ.

ಏಪ್ರಿಲನ್ನು ಮಗುಚಲು ಮರೆತದ್ದು ನಾನು.
ಐದನೇ ತೂತು ಯಾರದ್ದೂ ಅಲ್ಲದ ಕಡೆ ಬಿತ್ತು.
ಲಿಗೋರಿ ನೋಡಿದರು,
ತಾಮ್ರದ ತಂತಿಯ ತುಂಡು ತುರುಕಿ
ಎರಡೂ ಬದಿ ತಟ್ಟಿ, ಉಗುರು ಎಳೆದರು ಅದರ ಮೇಲೆ.
ಎಲ್ಲೂ ತಾಗಲಿಲ್ಲ.
ಬೈಗುಳಕ್ಕಾಗಿ ನಾನು ಸಂಜೆಯವರೆಗೆ ಕಾದೆ.

ನಿಷೇಧ ಮುಗಿದ ಬೆಳಿಗ್ಗೆ ಧಕ್ಕೆಯಲ್ಲಿ
ಬೋಟುಗಳೆಲ್ಲ ಒಟ್ಟಿಗೆ ಗಂಟಲು ಕೆರೆದವು.
ನಮ್ಮದು ಎರಡು ಸಲ ಕೆಮ್ಮಿ ಹಿಡಿಯಿತು.
ಕೊಳವೆಯಿಂದ ನೀರು ಹೊರಬಿದ್ದಾಗ
ಲಿಗೋರಿ ಅದರಡಿ ಅಂಗೈ ಒಡ್ಡಿ ನಿಂತರು
ಜ್ವರದ ಮಗುವಿನ ಹಣೆ ಮುಟ್ಟಿದ ಹಾಗೆ,
ತುಂಬ ಹೊತ್ತು.
ಬೆಚ್ಚಗೆ ಮಾತ್ರ ಇತ್ತು.

ಅಳಿವೆ ದಾಟುವವರೆಗೂ ಅಷ್ಟೊಂದು ಸದ್ದಿನಲ್ಲಿ
ಒಂದನ್ನೇ ಹಿಡಿದುಕೊಂಡಿದ್ದೆ ಕಿವಿಯಲ್ಲಿ.
ಆ ಬದಿ ಬೆಂಕಿ, ಈ ಬದಿ ನೀರು, ನಡುವೆ
ನನ್ನ ತಪ್ಪೂ ಮೀನಿಗೆ ಹೊರಟಿತ್ತು.

ತಿರುಗಿ ಬಂದರೆ ವರ್ಕ್‌ಶಾಪಿನ ಬಾಗಿಲಲ್ಲಿ
ಸೆವ್ರಿನ್ ಬಾಯಿ, ಸೊಂಟಕ್ಕೆ ಕೈ ಕೊಟ್ಟು:
"ಹಂಡೆ ಎಲ್ಲಿ?"
ಲಿಗೋರಿ ನನ್ನ ಮುಖ ನೋಡಿದರು.