ಒತ್ತು

ಮುಳಗುಂದ ನಾಕಾದ ತಿರುವಿನಲ್ಲಿ
ಹಂದಿಯೊಂದು ಏಳು ಮರಿ ಕಟ್ಟಿಕೊಂಡು ಅಡ್ಡ ಬಂತು.
ಆರನೆಯದನ್ನು ಉಳಿಸಿದೆ, ಏಳನೆಯದನ್ನೂ.
ಆಮೇಲೆ ಉಸುಕು, ಆಮೇಲೆ ಆಕಾಶ,
ಆಮೇಲೆ ಟಾಕಿಯ ಮೇಲಿನ ಗಂಟು ಬಿಚ್ಚಿ
ಐದುನೂರು ಲಗ್ನಪತ್ರಿಕೆ ರಸ್ತೆಯ ತುಂಬ.
ನನ್ನನ್ನು ಎಬ್ಬಿಸುವ ಮೊದಲು ಒಬ್ಬ ಒಂದನ್ನೆತ್ತಿ ಓದಿದ:
"ಊಟ ಎಲ್ಲೈತಿ ಅಂತ ಹಾಕೇ ಇಲ್ಲಲ್ರಿ?"

ಮೊಣಕಾಲು ಕೆತ್ತಿತ್ತು, ಅಷ್ಟೆ.
ಇಂಡಿಕೇಟರು ಒಂದು, ಕನ್ನಡಿ ಒಂದು.
ಏನೂ ಆಗಿಲ್ಲ ಎಂದು ಮನೆಯಲ್ಲಿ ಹೇಳಿದೆ,
ಪ್ರೆಸ್ಸಿನಲ್ಲಿ ಹೇಳಿದೆ.
ಗಾಡಿ ಮಾತ್ರ ಒಪ್ಪಲಿಲ್ಲ.
ನಲವತ್ತು ದಾಟಿದರೆ ಹ್ಯಾಂಡಲ್ಲು
ಬ್ಯಾಡ ಬ್ಯಾಡ ಎಂದು ತಲೆ ಅಲ್ಲಾಡಿಸುತ್ತಿತ್ತು.

ಬೆಟಗೇರಿಯ ಫಕ್ಕೀರೇಶ ಬಡಿಗೇರ
ಪಾನಾ ಮುಟ್ಟಲಿಲ್ಲ, ಏನಾಯ್ತೆಂದೂ ಕೇಳಲಿಲ್ಲ.
ಹತ್ತು ಹೆಜ್ಜೆ ದೂರ ಹೋಗಿ ಕುಕ್ಕರಗಾಲಲ್ಲಿ ಕೂತು
ಒಂದು ಕಣ್ಣು ಮುಚ್ಚಿ ನೋಡಿದ,
ನಾಲ್ಕು ಬಣ್ಣ ಒಂದರ ಮೇಲೊಂದು ಕೂತವೋ ಇಲ್ಲವೋ ಎಂದು
ನಾನು ಹಾಳೆ ನೋಡುವ ಹಾಗೇ.
"ಗಾಲಿ ಹೊಂಬಳಕ್ಕ ಹೊಂಟೈತಿ,
ಹ್ಯಾಂಡಲ್ ಹುಲಕೋಟಿಗೆ."

ನನ್ನನ್ನೇ ಹಿಂದಿನ ಸೀಟಿನ ಮೇಲೆ ಭಾರಕ್ಕೆ ಕೂರಿಸಿ,
ಮುಂದಿನ ಗಾಲಿ ನೆಲ ಬಿಟ್ಟ ಮೇಲೆ
ಎರಡೇ ಬೆರಳಲ್ಲಿ ಹೊರಳಿಸಿದ,
ಎಳೆಗೂಸಿನ ಕತ್ತು ಹೊರಳಿಸುವಷ್ಟು ಮೆಲ್ಲಗೆ.
ನಟ್ಟನಡುವೆ ಬಂದಾಗ, ಕಟ್.
"ರೇಸಿನ್ಯಾಗ ತಗ್ಗ ಬಿದ್ದಾವ. ಬಾಲ್ ಅಲ್ಲೇ ಮಲಗತಾವ."
ಗಾಲಿಯಿಂದ ಗಾಲಿಗೆ ದಾರ ಹಿಡಿದ;
ದಾರ ನನ್ನ ಕಿಸೆಯದು, ಬೈಂಡಿಂಗಿನದು.
ಫೋರ್ಕಿನ ಪೈಪುಗಳನ್ನು ಕಳಚಿ
ಹಳೇ ಫೋಟೋದ ಗಾಜಿನ ಮೇಲೆ ಉರುಳಿಸಿದ,
ಕೆಳಗೆ ಬೆಳಕು ನುಸುಳುತ್ತದೋ ನೋಡಲು.
ನುಸುಳಲಿಲ್ಲ.

ಹಾಗಾದರೆ?
ಪೈಪು ಹಿಡಿಯುವ ಟಿ ಎತ್ತಿ ಸೀಮೆಎಣ್ಣೆಯಲ್ಲಿ ಒರೆಸಿದ.
ಬಣ್ಣದ ಕೆಳಗೆ ಸುತ್ತಿಗೆಯ ಗುರುತು,
ಗುರುತಿನೊಳಗೆ ತುಕ್ಕು.
"ಇದು ಹ್ವಾದ ಮಂಗಳವಾರದ್ದಲ್ರಿ.
ಈ ಪೆಟ್ಟಿಗೆ ಭಾಳ ವಯಸ್ಸಾಗೈತಿ."

ಒಂಬತ್ತು ವರ್ಷದ ಹಿಂದೆ
ನಮ್ಮ ಪಡಸಾಲೆಯಲ್ಲೇ ಹೋಳಿಗೆ ಮುರಿಯುತ್ತ
ಷಡ್ಡಕ ಗುರುಶಾಂತ ಗಾಡಿ ಮಾರಿದ್ದ:
"ಒಮ್ಮಿನೂ ನೆಲಾ ಮುಟ್ಟಿಲ್ಲ."

ಹೊಸ ಟಿ, ಹೊಸ ರೇಸು, ಗ್ರೀಸು.
ಮರುದಿನ ಅರ್ಧ ದಾರಿಯಿಂದಲೇ ತಿರುಗಿ ಬಂದೆ:
ಈಗ ಎಡಕ್ಕ ಎಳೀತೈತಿ.
ಫಕ್ಕೀರೇಶ ತಾನೇ ಏರಿ ಹೋದ,
ಎರಡೂ ಕೈ ಬಿಟ್ಟು ಬೀಡಿ ಹಚ್ಚಿಕೊಳ್ಳುತ್ತ ಬಂದ.
ಗಾಡಿ ರೂಲುಪಟ್ಟಿಯ ಗೆರೆಯಂತೆ.
"ಎಡಗೈ ತೋರಸ್ರಿ."
ಹೆಬ್ಬೆರಳ ಬುಡದಲ್ಲಿ ಜಡ್ಡು,
ಬಲಗೈಯಲ್ಲಿ ಇಲ್ಲದ್ದು.
ಮಷೀನಿನದೆಂದೇ ತಿಳಿದಿದ್ದೆ.
"ಅದು ಬಲಕ್ಕ ಎಳೀತಿತ್ತು, ನೀವು ಎಡಗೈ ಒತ್ತತಿದ್ರಿ.
ಈಗ ಅದು ಬಿಟ್ಟೈತಿ. ನೀವು ಬಿಟ್ಟಿಲ್ಲ.
ಕೈ ಸೆಟ್ ಮಾಡೋ ಪಾನಾ ನನ್ನ ಕಡೆ ಇಲ್ರಿ."

ಮೊಳೆ ಜೋಡಿಸಿ ಹೊಟ್ಟೆ ಹೊರೆದವನು ನಾನು;
ಒಂದು ಒತ್ತು ಹೆಚ್ಚಾದರೆ
ಕತೆಯೂ ಕತ್ತೆಯಾಗುತ್ತದೆ, ಗೊತ್ತು.
ಗೊತ್ತಿದ್ದು ಅಂಗೈಗೆ ಇಳಿಯಬೇಕಲ್ಲ.
ಸಂಜೆ ಕಳಸಾಪುರದ ದಾರಿಯಲ್ಲಿ, ಮೂವತ್ತರಲ್ಲಿ,
ಒಂದು ಬೆರಳು ಸಡಿಲ ಬಿಡುತ್ತೇನೆ, ಇನ್ನೊಂದು,
ಎದುರಿನ ಚಕ್ಕಡಿಯವ ಹೌಹಾರಿ
ಎತ್ತುಗಳನ್ನು ಬದಿಗೆಳೆಯುತ್ತಾನೆ.

ರವಿವಾರ ಗುರುಶಾಂತ ಊಟಕ್ಕೆ ಬರುತ್ತಾನೆ.
ಚಪ್ಪಲಿ ಬಿಡುವ ಮೊದಲೇ ಕೇಳುತ್ತಾನೆ,
ಪ್ರತಿ ಸಲ ಕೇಳುತ್ತಾನೆ,
ಗಾಡಿ ಹೆಂಗೈತಿ?